ಹದಿನಾಲ್ಕು ದಿನದ ಗಾಳಿ

ಜೂನ್ 2, ಸೋಮವಾರ, ಬೆಳಿಗ್ಗೆ 10
‘ಅ’ ಮುಗಿಯಿತು. ಅಂತರ್ಗತ ಶಕ್ತಿ: ಇಟ್ಟಿಗೆ ಸುಡುವುದರಿಂದ ಹಿಡಿದು ಗೋಡೆ ಏಳುವ ತನಕ ಖರ್ಚಾಗುವ ಒಟ್ಟು ಶಕ್ತಿ.
ಹಸಿರು ಕಟ್ಟಡದ ಪದಕೋಶ. ನಮ್ಮ ಕಂಪನಿ ಕಟ್ಟಿದ ಹೊಸ ಶಾಲೆಯಲ್ಲಿ ಹಂಚಲು. ಸಾಹೇಬರ ತಾಕೀತು: “ಅಜ್ಜಿಗೂ ಅರ್ಥ ಆಗ್ಬೇಕು ಮೇಡಂ. ಹಸಿರು ಅಂದ್ರೆ ಬಣ್ಣ ಬಳಿಯೋದು ಅಂದ್ಕೊಂಡಿದ್ದಾರೆ ಜನ.”
ಶಾಲೆ ಮುಂದಿನ ಸೋಮವಾರ ಶುರು. ಅಕ್ಕ ಅಲ್ಲೇ ಟೀಚರ್. ಮೊನ್ನೆಯಿಂದಲೇ ಒಳಗೆ ಕೂತು ಲೈಬ್ರರಿ ಜೋಡಿಸುತ್ತಿದ್ದಾಳೆ. ಫೋನಿನಲ್ಲಿ ಬರೀ ಕೆಮ್ಮು. “ಪುಸ್ತಕದ ಧೂಳು ಕಣೇ. ನಿಂಗೆ ಎಲ್ಲದಕ್ಕೂ ಗಾಬರಿ.”

ಜೂನ್ 4
ಅಕ್ಕ ಆಸ್ಪತ್ರೆಯಲ್ಲಿ. ಮೊದಲೇ ಆಸ್ತಮಾ. ಡಾಕ್ಟರು ಭಾವನನ್ನು ಕೇಳಿದರು, “ಮನೇಲಿ ಹೊಸ ಬಣ್ಣ, ಅಂಟು, ಏನಾದ್ರೂ ಮಾಡ್ಸಿದ್ರಾ?”
“ಮನೇಲಿ ಏನೂ ಇಲ್ಲ ಡಾಕ್ಟ್ರೇ.”
ನಾನು ಪಕ್ಕದಲ್ಲೇ ನಿಂತಿದ್ದೆ. ಆಫೀಸಿಗೆ ಬಂದು ಪದಕೋಶಕ್ಕೆ ‘ಇಂಗಾಲದ ಹೆಜ್ಜೆಗುರುತು’ ಬರೆದೆ. ಅಳು ಬರಲಿಲ್ಲ. ಟೀ ಆರಿ ತಣ್ಣಗಾಗಿತ್ತು, ಕುಡಿದೆ.

ಜೂನ್ 6, ಮಧ್ಯಾಹ್ನ
‘ಗ’. ಗಾಳಿ ಹಾಯಿಸುವುದು: ಹೊಸ ಕಟ್ಟಡದೊಳಗೆ ಜನ ಕಾಲಿಡುವ ಮುನ್ನ ಕಿಟಕಿ ತೆರೆದು, ಫ್ಯಾನ್ ಓಡಿಸಿ, ಬಣ್ಣ-ಅಂಟು-ಪ್ಲೈವುಡ್‌ಗಳ ಆವಿಯನ್ನು ಹೊರಗೆ ಕಳಿಸುವುದು. ನಮ್ಮ ಕರಾರಿನಲ್ಲಿ ಹದಿನಾಲ್ಕು ದಿನ.
ಹೋದ ತಿಂಗಳು ಶಾಲೆಯಲ್ಲಿ ಹಾಯಿಸಿದ್ದು ಮೂರೇ ದಿನ. ಹೊಸ ಬೆಂಚುಗಳ ಮೇಲೆ ರಸ್ತೆ ಧೂಳು ಕೂರುತ್ತದೆಂದು ಮೇಸ್ತ್ರಿ ಕಿಟಕಿ ಮುಚ್ಚಿಸಿದ. ಸಾಹೇಬರು, “ಬರ್ಕೊಳ್ಳಿ ಮೇಡಂ, ಗಾಳಿ ಲೆಕ್ಕ ಯಾರು ಇಡ್ತಾರೆ?” ಎಂದರು. ಇಡಬೇಕಾದವಳು ನಾನೇ… ಅದೇ ನನ್ನ ಕೆಲಸ. ಅಂದೇ ಫಾರಂನಲ್ಲಿ 14 ಎಂದು ಬರೆದು ಸಹಿ ಹಾಕಿದ್ದೆ.
ಥೂ, ನನ್ನ ಜನ್ಮಕ್ಕೆ. ಇಷ್ಟು ಬರೆದರೂ ಒಳಗೆ ಏನೂ ಅನಿಸುತ್ತಿಲ್ಲ.

ಜೂನ್ 7, ಸಂಜೆ 5
ಆಕ್ಸಿಜನ್ ಇನ್ನೂ ತೆಗೆದಿಲ್ಲ. ಅಕ್ಕ ಮಾಸ್ಕ್ ಸರಿಸಿ ಹೇಳಿದಳು, “ಲೈಬ್ರರೀಲಿ ಕಣ್ಣು ಉರೀತಿತ್ತು ಕಣೇ. ನಿಮ್ಮ ಭಾವಂಗೆ ಕಟ್ಟಡದ ಮೇಲೇ ಅನುಮಾನ. ನಾನಂದೆ, ಸಹಿ ಹಾಕಿರೋದು ನನ್ ತಂಗಿ, ಸುಮ್ನಿರಿ ಅಂತ.” ಉಸಿರು ಎಳೆದುಕೊಂಡಳು. “ಸೋಮವಾರ ಪುಟಾಣಿಗಳು ಬರ್ತಾವೆ. ಒಂದನೇ ಕ್ಲಾಸಿಗೆ ಲೈಬ್ರರಿ ಪಕ್ಕದ ರೂಮೇ ಕೊಡ್ಸಿದೀನಿ.”
“ಹೂಂ” ಅಂದೆ. ದಿಂಬು ಸರಿಮಾಡಿದೆ.

ಜೂನ್ 8, ಭಾನುವಾರ, ಬೆಳಿಗ್ಗೆ 11
ಆಫೀಸಿನ ಬೀಗ ತೆಗೆದು ಫೈಲ್ ಹುಡುಕಿದೆ. 14 ಹೊಡೆದು ಹಾಕಿ 3 ಬರೆದೆ. ಪಕ್ಕದಲ್ಲಿ ಮತ್ತೊಮ್ಮೆ ಸಹಿ. ಫೋಟೊ ತೆಗೆದು ಹೆಡ್‌ಮಿಸ್‌ಗೂ ಸಾಹೇಬರಿಗೂ ಕಳಿಸಿದೆ. ಹೆಡ್‌ಮಿಸ್ ಉತ್ತರ ಒಂದೇ ಮಾತು: “ನಾಳೆ ಶಾಲೆ ತೆಗೆಯಲ್ಲ.” ಸಾಹೇಬರ ಫೋನ್ ಏಳು ಸಲ. ಎತ್ತಲಿಲ್ಲ.

12.30
ಆಸ್ಪತ್ರೆ. ಡಾಕ್ಟರಿಗೆ ಹೇಳಿದೆ. ಭಾವನಿಗೂ ಹೇಳಿದೆ — ಅವರು ಎದ್ದು ಹೋಗಿ ವಾರ್ಡಿನ ಕಿಟಕಿ ತೆರೆದರು. ಅಕ್ಕನಿಗೆ ನಿದ್ದೆ. ಎದ್ದಾಗ ಹೇಳಬೇಕಾದ್ದನ್ನು ಇಲ್ಲಿ ಬರೆದು ನೋಡುತ್ತಿದ್ದೇನೆ. ಅಳು ಬರುತ್ತಿದೆ, ಐದು ದಿನದಲ್ಲಿ ಇದೇ ಮೊದಲು.
ಅಕ್ಕಾ, ಆ ಸಹಿ ನಂಬಬೇಡ. ಅದನ್ನು ಹಾಕುವಾಗ ನಾನು —