ಹೆಸರು ಹೇಳದ ದಾನಮ್ಮ

ಜಮಖಂಡಿ
ಗುರುವಾರ, 17 ಜುಲೈ 2025

ವೈಶಾಲಿಯ ಅಪ್ಪನಿಗೆ ದಾನಮ್ಮ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಪುತ್ತೂರಿನ ಕಡೆ ಮಳೆ ಬಿಡದೆ ಹೊಡೆಯುತ್ತಿದೆ ಎಂದು ಟಿವಿಯಲ್ಲಿ ತೋರಿಸಿದರು. ತೊಯ್ದ ಖಾಕಿ ಶರ್ಟನ್ನು ಮೈಮೇಲೆಯೇ ಒಣಗಿಸಿಕೊಂಡು ಎರಡನೆಯ ಟ್ರಿಪ್ಪಿಗೆ ಬಸ್ಸು ಹತ್ತಬೇಡಿ. ಹೋದ ವರ್ಷ ಹಾಗೆ ಮಾಡಿಯೇ ಹದಿನೈದು ದಿನ ಕೆಮ್ಮಿದಿರಿ. ಸೊಂಟದ ನೋವು ಹೇಗಿದೆ? ಘಾಟಿನ ರೂಟು ಬಿಡಿಸಿ ಬೇರೆ ಕೊಡಿ ಎಂದು ಡಿಪೊದಲ್ಲಿ ಕೇಳುತ್ತೇನೆ ಅಂದಿದ್ದಿರಿ, ಕೇಳಿದಿರೋ ಇಲ್ಲವೋ? ಜೋಳದ ಹಿಟ್ಟು ಈಗಾಗಲೇ ಮುಗಿದಿರಬೇಕು. ಶೇಂಗಾ ಚಟ್ನಿಯ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ ಎಂದು ನಿಮ್ಮ ರೂಮಿನವರಿಗೆ ಹೇಳಿ. ಅತ್ತೆಯವರು ಆರಾಮ ಇದ್ದಾರೆ, ವೈಶಾಲಿ ಆರಾಮ ಇದ್ದಾಳೆ. ಎಮ್ಮೆ ಒಂದು ಹೊತ್ತು ಹಾಲು ಕೊಡುತ್ತಿಲ್ಲವಂತೆ. "ಅಂತೆ" ಎಂದು ಏಕೆ ಬರೆದೆ ಎಂದು ನಿಮಗೆ ಅನುಮಾನ ಬಂದಿರಬೇಕು. ಮೇಲೆ ನಮ್ಮೂರು ಬೆಳಗಲಿಯ ಹೆಸರಿಲ್ಲ, ಜಮಖಂಡಿ ಅಂತಿದೆ, ಅದನ್ನೂ ನೋಡಿರುತ್ತೀರಿ. ಸಿಟ್ಟಾಗುವ ಮೊದಲು ಪೂರ್ತಿ ಓದಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಾನು ಈಗ ಹತ್ತು ದಿನದಿಂದ ಜಮಖಂಡಿಯಲ್ಲಿದ್ದೇನೆ. ಕಬ್ಬಿನ ಹೊಲದ ಮೇಲೆ ಔಷಧಿ ಸಿಂಪಡಿಸುವ ಡ್ರೋನ್ ಇದೆಯಲ್ಲ, ಅದನ್ನು ಹಾರಿಸುವುದನ್ನು ಹೆಂಗಸರಿಗೆ ಕಲಿಸುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಒಬ್ಬರನ್ನು ಕಳಿಸಿ ಎಂದು ಹೇಳಿದ್ದರು. ಮೀಟಿಂಗಿನಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ನಾನಂತೂ ಕಂಬದ ಹಿಂದೆ ಕೂತಿದ್ದೆ. ಆಗ ಅತ್ತೆಯವರು ಎದ್ದು ನಿಂತು "ನಮ್ಮ ದಾನವ್ವನ ಹೆಸರ ಬರಕೋರಿ" ಅಂದುಬಿಟ್ಟರು! ಮನೆಗೆ ಬಂದು ನಾನು ಅತ್ತರೆ, "ಹೊಲದಾಗ ಒಬ್ಬಾಕಿನ ನಿಂತು ನೀರ ಹಾಯಿಸ್ತಿ, ಹಾವ ಬಂದ್ರ ಅಂಜಂಗಿಲ್ಲ, ಮಂದಿಗಿ ಯಾಕ ಅಂಜತಿಬೇ?" ಎಂದು ಬೈದರು. ನಿಮಗೆ ಹೇಳುತ್ತೇನೆ ಅಂದದ್ದಕ್ಕೆ, "ಅವಗ ಈಗ ಕೇಳಿದ್ರ ಬ್ಯಾಡ ಅಂತಾನ. ಕಲತ ಮ್ಯಾಲ ಹೇಳೂಣು" ಅಂದರು. ತಪ್ಪು ಅವರದು ಎನ್ನುತ್ತಿಲ್ಲ. ಮುಚ್ಚಿಟ್ಟವಳು ನಾನೇ. ದಿನಾ ಸಂಜೆ ನೀವು ಫೋನು ಮಾಡಿ "ಎಲ್ಲಿ ಅದೀ?" ಅಂದಾಗ "ಇಲ್ಲೇ ಅದೀನ್ರಿ" ಅಂದೆ. ಮೊನ್ನೆ ನೀವು "ಅದೇನ್ ಸಪ್ಪಳ?" ಎಂದು ಕೇಳಿದಾಗ "ಗಿರಣಿ ಚಾಲೂ ಐತ್ರಿ" ಎಂದೆ. ಅದು ಗಿರಣಿ ಅಲ್ಲ, ಡ್ರೋನ್. ಫೋನಿನಲ್ಲಿ ನಿಮ್ಮ ಗಡಸು ಧ್ವನಿ ಕೇಳಿದ ಕೂಡಲೇ ನನಗೆ ಹೂಂ ಬಿಟ್ಟು ಬೇರೆ ಮಾತೇ ಬರುವುದಿಲ್ಲ, ಊಟ ಆಯಿತೇ ಅಂದರೆ ಹೂಂ, ಹುಡುಗಿ ಮಲಗಿದಳೇ ಅಂದರೆ ಹೂಂ. ಹನ್ನೊಂದು ವರ್ಷದ ಸಂಸಾರ ಹೀಗೆಯೇ ನಡೆದಿದೆ. ಅದಕ್ಕೇ ಈ ಕಾಗದ. ಪೆನ್ನು ಹಿಡಿದರೆ ನನಗೆ ಎಷ್ಟು ಮಾತು ಬರುತ್ತದೆ ನೋಡಿ!

ಜಮಖಂಡಿ ಏನು ದಿಲ್ಲಿಯೇ ಎಂದು ನಗಬೇಡಿ. ದಿನಾ ಐವತ್ತು ಮಂದಿಯನ್ನು ಕೂರಿಸಿಕೊಂಡು ಊರೂರು ತಿರುಗುವ ನಿಮಗೆ ಇದು ಮೂತ್ರಕ್ಕೆ ಇಳಿಯುವಷ್ಟು ದೂರ. ನನಗೆ ಹಾಗಲ್ಲ. ತವರು ಬಿಟ್ಟರೆ ನಿಮ್ಮ ಮನೆ, ನಿಮ್ಮ ಮನೆ ಬಿಟ್ಟರೆ ತವರು, ಇನ್ನೆಲ್ಲಿ ಒಂದು ರಾತ್ರಿ ಮಲಗಿದ್ದೇನೆ ಹೇಳಿ? ಮಹಾಲಿಂಗಪುರದಲ್ಲಿ ಬಸ್ಸು ಬದಲಿಸುವಾಗಲೇ ಜೀವ ಪುಕಪುಕ ಅನ್ನುತ್ತಿತ್ತು. ಬನಹಟ್ಟಿ ದಾಟುವವರೆಗೆ ಚೀಲ ಎದೆಗೆ ಅವಚಿಕೊಂಡೇ ಕೂತಿದ್ದೆ. ಆದರೂ ಇಳಿದು ವಾಪಸ್ಸು ಹೋಗಲಿಲ್ಲ. ಅದಕ್ಕೆ ಕಾರಣ ಡ್ರೋನಿನ ಹುಚ್ಚೂ ಅಲ್ಲ, ಅತ್ತೆಯವರ ಹೆದರಿಕೆಯೂ ಅಲ್ಲ, ವೈಶಾಲಿ. ಶಾಲೆ ಶುರುವಾದ ವಾರದಲ್ಲೇ ಅವಳ ಟೀಚರು ನನ್ನನ್ನು ಕರೆಸಿದ್ದರು. "ನಿಮ್ಮ ಹುಡುಗಿ ಹಾಜರಿ ಕೂಗಿದ್ರೂ ಓ ಅನ್ನಂಗಿಲ್ರಿ. ಮುಂದ ಕುಂತಿರ್ತಾಳ, ಆದ್ರ ನಾ ಗೈರು ಹಾಕಬೇಕಾಗ್ತೈತಿ. ಮನ್ಯಾಗ ಮಾತಾಡ್ತಾಳಿಲ್ಲೋ?" ಎಂದು ಕೇಳಿದರು. ಮನೆಯಲ್ಲಿ ಕಾಗೆಯ ಹಾಗೆ ಕಲಕಲ ಅನ್ನುತ್ತಾಳೆ ಎಂದು ಹೇಳಬೇಕೆಂದು ಎಷ್ಟೋ ಅನ್ನಿಸಿತು. ಒಂದು ಅಕ್ಷರ ಹೊರಡಲಿಲ್ಲ. ಸೆರಗಿನ ಚುಂಗು ಸುತ್ತುತ್ತಾ ನಿಂತೆ, ಬಂದೆ. ದಾರಿಯಲ್ಲಿ ಹುಡುಗಿ ನನ್ನ ಮುಖ ನೋಡಿ "ಅವ್ವಾ, ನೀನೂ ಏನೂ ಅನ್ನಲಿಲ್ಲಲಾ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಅದು ಸಮಾಧಾನವಾದ ಹಾಗಿತ್ತು. ನನ್ನ ಮೂಗು, ನನ್ನ ಬಣ್ಣ ಅವಳಿಗೆ ಬಂದರೆ ಬರಲಿ. ಈ ಮೂಕತನ ಬರುವುದು ಬೇಡ. ಇಲ್ಲಿಂದ ನಾನು ಅರ್ಧಕ್ಕೆ ಓಡಿಹೋದರೆ ಅವಳು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ ಅಂತ ನನ್ನ ಹೆದರಿಕೆ.

ಇಲ್ಲಿ ಬಂದ ದಿನವೇ ಎಡವಟ್ಟು ಮಾಡಿಕೊಂಡೆ. ಒಬ್ಬ ಗುಮಾಸ್ತ ಕಂಪ್ಯೂಟರಿನ ಮುಂದೆ ಕೂತು ಹೆಸರು ಸೇರಿಸಿಕೊಳ್ಳುತ್ತಿದ್ದ. ಹೆಸರು ಅಂದ, ದಾನಮ್ಮ ಅಂದೆ. ಗಂಡನ ಹೆಸರು ಅಂದ. ಈಗ ನೀವೇ ಹೇಳಿ, ನಾನು ನಿಮ್ಮ ಹೆಸರನ್ನು ಎಂದಾದರೂ ಬಾಯಲ್ಲಿ ಆಡಿದ್ದೇನೆಯೇ? "ಅಕ್ಕಾರ, ಲಗೂನ ಹೇಳ್ರಿ, ಹಿಂದ ಪಾಳೇದಾಗ ಮಂದಿ ನಿಂತಾರ" ಎಂದ. ಬರೆದು ಕೊಡುತ್ತೇನೆ ಎಂದು ಕೈಸನ್ನೆ ಮಾಡಿದೆ, ಅವನು ನೋಡಲಿಲ್ಲ. ಆಧಾರ್ ಕಾರ್ಡು ನೋಡಿ ಬರೆದುಕೊಳ್ಳಿ ಅನ್ನಬಹುದಿತ್ತು, ಅದನ್ನು ಹೇಳುವುದಕ್ಕೂ ಬಾಯಿ ಬೇಕಲ್ಲ! ಅವನು ಬೇಸತ್ತು ಆ ಜಾಗ ಖಾಲಿ ಬಿಟ್ಟು "ಆಮ್ಯಾಲ ಬಂದು ತುಂಬಸ್ರಿ, ಆವಾಗ ನಂಬರ ಕೊಡ್ತೀನಿ" ಎಂದು ಮುಂದಿನವರನ್ನು ಕರೆದ. ಆಮೇಲೆ ಹೋದೆನೇ? ಹೋಗಲಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎಂದು ಎಂಟು ದಿನ ಆ ಕೋಣೆಯ ಬಾಗಿಲು ದಾಟುವಾಗ ತಲೆ ತಗ್ಗಿಸಿಕೊಂಡೇ ನಡೆದೆ. ಇಪ್ಪತ್ತು ಹೆಂಗಸರಲ್ಲಿ ನಂಬರು ಇಲ್ಲದವಳು ನಾನೊಬ್ಬಳೇ.

ಉಳಿದದ್ದೆಲ್ಲ ಛಲೋ ನಡೆದಿತ್ತು. ನನ್ನ ಕೋಣೆಯಲ್ಲಿ ರಬಕವಿಯ ಶೀತಲ ಎಂಬ ಹುಡುಗಿ ಇದ್ದಾಳೆ. ಮನೆಯಲ್ಲಿ ಹಗಲೂ ರಾತ್ರಿ ಪವರ್‌ಲೂಮು ನಡೆಯುತ್ತದೆಯಂತೆ, ಆ ಸದ್ದಿನಲ್ಲಿ ಬೆಳೆದವಳಿಗೆ ಮೆಲ್ಲಗೆ ಮಾತಾಡಲು ಬರುವುದೇ ಇಲ್ಲ. ನಿದ್ದೆಯಲ್ಲೂ ಕೂಗುತ್ತಾಳೆ. ನನ್ನ ಪಾಲಿನ ಮಾತನ್ನೂ ಅವಳೇ ಆಡುವುದರಿಂದ ನನಗೆ ಅನುಕೂಲವಾಯಿತು. ಡ್ರೋನು ಹಾರಿಸುವುದು ನನ್ನ ಕೈಗೆ ಬೇಗ ಹತ್ತಿತು. ನಮಗೆ ಕಲಿಸುವ ದುರಗೇಶ ಸರ್ ಅವರೇ "ಕೈ ಹದ ಭಾರಿ ಐತ್ರಿ ನಿಮ್ಮದು" ಅಂದರು. ಕೈಯಲ್ಲಿ ಹಿಡಿಯುವ ರಿಮೋಟಿನಲ್ಲಿ ಎರಡೂ ಹೆಬ್ಬೆರಳಿನ ಕೆಳಗೆ ಎರಡು ಕಡ್ಡಿ ಇರುತ್ತವೆ, ಅಷ್ಟೇ. ರೊಟ್ಟಿ ಬಡಿಯುವಾಗ ಒತ್ತು ಹೆಚ್ಚಾದರೆ ಹರಿಯುತ್ತದಲ್ಲ, ಇದೂ ಹಾಗೆಯೇ, ಮೆಲ್ಲಗೆ ಒತ್ತಬೇಕು. ಆದರೆ ಡ್ರೋನು ನೆಲ ಬಿಡುವ ಮೊದಲು ಸುತ್ತ ನಿಂತವರಿಗೆಲ್ಲ ಕೇಳುವಂತೆ ಮೂರು ಸಲ ಕೂಗಿ ದೂರ ಸರಿಸಬೇಕು. ಫ್ಯಾನಿನಂತೆ ತಿರುಗುವ ಅಲಗು ತಾಗಿದರೆ ಬೆರಳು ಹೋಗುತ್ತದೆ. ಕೂಗದೆ ಏಳಿಸಿದರೆ ನಪಾಸು. ದಿನಾ ಅಭ್ಯಾಸದಲ್ಲಿ ನನ್ನ ಬದಲು ಶೀತಲ ಕೂಗುತ್ತಿದ್ದಳು. ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ.

ನಿನ್ನೆ ಬರೆಯುವ ಪರೀಕ್ಷೆಯ ಫಲಿತಾಂಶ ಗೋಡೆಗೆ ಹಚ್ಚಿದರು. ನಮ್ಮಲ್ಲಿ ಇನ್ನೊಬ್ಬ ದಾನಮ್ಮ ಇದ್ದಾಳೆ, ಬೀಳಗಿ ತಾಲ್ಲೂಕಿನ ಅನಗವಾಡಿಯವಳು. ಮಗನಿಗೆ ಜ್ವರ ಬಂದು ಪರೀಕ್ಷೆಯ ಹಿಂದಿನ ದಿನವೇ ಊರಿಗೆ ಹೋದವಳು ಇನ್ನೂ ಬಂದಿಲ್ಲ. ಅವಳ ಹೆಸರು, ಅವಳ ಗಂಡನ ಹೆಸರು, ಮುಂದೆ ಐವತ್ತಕ್ಕೆ ನಲವತ್ಮೂರು! ಕೆಳಗಿನ ಸಾಲಿನಲ್ಲಿ ಬರೀ ದಾನಮ್ಮ, ಪಕ್ಕದಲ್ಲಿ ಖಾಲಿ, ಮುಂದೆ ಗೈರುಹಾಜರಿ. ನಾನು ಉತ್ತರಪತ್ರಿಕೆಯ ಮೇಲೆ ದಾನಮ್ಮ ಎಂದಷ್ಟೇ ಬರೆದಿದ್ದೆ, ನಂಬರು ಇದ್ದರೆ ತಾನೇ ಬರೆಯುವುದು? ನನ್ನ ಅಂಕ ಅವಳ ಸಾಲಿಗೆ ಹೋಗಿದ್ದವು. ನಿಮ್ಮಿಂದ ಏನು ಮುಚ್ಚಿಡಲಿ, ಅದನ್ನು ನೋಡಿ ನನಗೆ ಖುಷಿಯೇ ಆಯಿತು. ಗೈರಾದವರಿಗೆ ಹಾರಿಸುವ ಪರೀಕ್ಷೆ ಇಲ್ಲ, ಮನೆಗೆ ಹೋಗಬಹುದು. ತಪ್ಪು ನನ್ನದಲ್ಲ ಅಂತಲೂ ಹೇಳಿಕೊಳ್ಳಬಹುದು. ಓಡಿ ಹೋಗಿ ಚೀಲ ತುಂಬಿದೆ. ಅಷ್ಟರಲ್ಲಿ ವೈಶಾಲಿಯ ಫೋನು. "ಅವ್ವಾ, ನಿನಗ ಎಷ್ಟ ಬಿದ್ದಾವು?" ಅಂದಳು. ನಲವತ್ಮೂರು ಅಂದೆ. ಅವಳು ಅಲ್ಲಿಂದಲೇ "ಅಮ್ಮಾ, ಅವ್ವಗ ನಲವತ್ಮೂರ ಬಿದ್ದಾವ!" ಎಂದು ಅತ್ತೆಯವರಿಗೆ ಕೇಳುವ ಹಾಗೆ ಓಣಿಯೆಲ್ಲಾ ಸಾರಿದಳು. ಚೀಲ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ?

ಇವತ್ತು ಬೆಳಿಗ್ಗೆ ತರಗತಿಯಲ್ಲಿ ಎದ್ದು ನಿಂತೆ. ಎದ್ದ ಮೇಲೆ ಬೆಂಚು ಹಿಡಿದುಕೊಂಡೆ. "ಸರ್, ಆ ನಲವತ್ಮೂರು ನನ್ನವ್ರಿ" ಎಂದೆ. ನನಗೇ ಕೇಳಿಸಿತೋ ಇಲ್ಲವೋ. ಸರ್ ಹತ್ತಿರ ಬಂದು "ಯಾವ ದಾನಮ್ಮ ನೀವು?" ಅಂದರು. ಬರೆದು ತೋರಿಸಲು ಪೆನ್ನು ತೆಗೆದರೆ ಅದನ್ನು ಇಸಿದುಕೊಂಡುಬಿಟ್ಟರು. "ಬರದ ಕೊಡಬ್ಯಾಡ್ರಿ ಅಕ್ಕಾರ, ಹೇಳ್ರಿ. ನಾಳೆ ಹೊಲದಾಗ ಮಿಷನ್ ಏಳೂ ಮುಂದ ಮಂದಿಗೆಲ್ಲಾ ಚೀಟಿ ಬರದ ಹಂಚತೀರೇನು?" ಎಲ್ಲರೂ ನಕ್ಕರು. ನನಗೆ ಕಣ್ಣಲ್ಲಿ ನೀರು ಬಂತು. ಹಿಂದಿನಿಂದ ಶೀತಲ "ಅಕ್ಕಾ, ಒಡಪಾ ಹಾಕಿ ಹೇಳ್ರಲಾ!" ಎಂದು ಕೂಗಿದಳು. ನಿಮಗೆ ನೆನಪಿದೆಯೇ, ಮದುವೆಯ ದಿನ ಹೊಸ್ತಿಲಲ್ಲಿ ನಿಮ್ಮ ಅಕ್ಕ ತಂಗಿಯರು ಪ್ರಾಸದ ಒಡಪಿನಲ್ಲಿ ಗಂಡನ ಹೆಸರು ಸೇರಿಸಿ ಹೇಳದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಅಡ್ಡ ನಿಂತಿದ್ದರು, ನಾನು ಬೆವರಿ ಬವಳಿ ಬಂದು ಬೀಳುವ ಹಾಗಾಗಿ ಕೊನೆಗೆ ಅತ್ತೆಯವರೇ ದಾರಿ ಬಿಡಿಸಿದ್ದರು. ಅವತ್ತು ಹೇಳದೆ ಉಳಿದದ್ದು ಇವತ್ತು ಇಲ್ಲಿ ಹೊರಬಿತ್ತು ನೋಡಿ. ಕಣ್ಣು ಮುಚ್ಚಿದೆ, ಬಾಯಿಗೆ ಬಂದದ್ದನ್ನು ಹೇಳಿದೆ:

"ರೆಕ್ಕಿ ಇಲ್ಲದ ಹಕ್ಕಿ ಹಾರಸಾಕ ಜಮಖಂಡಿಗಿ ಬಂದೀನಿ,
ಪ್ರಭುಲಿಂಗ ರಾಯರ ಹೆಸರ ಸೆರಗಿನ್ಯಾಗ ಕಟಗೊಂಡು ತಂದೀನಿ!"

ಅಯ್ಯೋ, ಆ ಚಪ್ಪಾಳೆ, ಆ ಸಿಳ್ಳೆ! ಗುಮಾಸ್ತ ಬಾಗಿಲಿಗೆ ಬಂದು ಇಣುಕಿದ. ಸರ್ ಅಲ್ಲೇ ನಿಂತು ಉತ್ತರಪತ್ರಿಕೆಯ ಅಕ್ಷರ ತಾಳೆ ಹಾಕಿ, ಪಟ್ಟಿ ತಿದ್ದಿ, ನಂಬರು ಕೊಟ್ಟರು. ನನಗೆ ನಾಚಿಕೆಯಿಂದ ಮಧ್ಯಾಹ್ನದವರೆಗೆ ತಲೆ ಎತ್ತಲಾಗಲಿಲ್ಲ. ಇಷ್ಟು ಮಂದಿಯ ಮುಂದೆ ನಿಮ್ಮ ಹೆಸರು ಹೇಳಿದ್ದೇನೆ, ನಿಮಗೆ ಅವಮಾನ ಅನ್ನಿಸಿದರೆ ಕ್ಷಮಿಸಿ. ಖರೆ ಹೇಳಲೇ? ಹೇಳಿದ ಮೇಲೆ ಎದೆ ಹಗುರಾಗಿತ್ತು.

ಆದರೆ ಆ ಧೈರ್ಯ ಸಂಜೆಗೆ ಇಳಿದುಹೋಗಿದೆ. ನಾಳೆ ಬೆಳಿಗ್ಗೆ ಎಂಟಕ್ಕೆ ಹಾರಿಸುವ ಪರೀಕ್ಷೆ, ಊರ ಹೊರಗಿನ ಕಬ್ಬಿನ ಹೊಲದಲ್ಲಿ. ನೋಡಲು ಮಂದಿ ಕೂಡುತ್ತಾರಂತೆ. ಆಷಾಢದ ಗಾಳಿ ಬೇರೆ, ಇವತ್ತು ಒಣಹಾಕಿದ ಸೀರೆ ಎರಡು ಸಲ ಹಾರಿಹೋಯಿತು. ಕೂಗುವುದಕ್ಕೆ ಒಡಪಿಲ್ಲ, ತಮಾಷೆಯಿಲ್ಲ, ಶೀತಲ ಇಲ್ಲ. ಬಚ್ಚಲಲ್ಲಿ ನೀರು ಬಿಟ್ಟು ಅಭ್ಯಾಸ ಮಾಡಿದೆ, ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಬರದಿದ್ದರೆ ಏನು ಮಾಡಲಿ? ವೈಶಾಲಿಗೆ ಏನು ಹೇಳಲಿ? ನಿಮಗೆ ಸಿಟ್ಟು ಬಂದಿದ್ದರೆ ನನ್ನ ಮೇಲೆ ಬರಲಿ, ಅತ್ತೆಯವರನ್ನು ಅನ್ನಬೇಡಿ. ಹುಷಾರಾಗಿ ಗಾಡಿ ಓಡಿಸಿ. ರೂಮಿನ ಮಾಲೀಕರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ, ದೇವರು ಮಲ್ಲಯ್ಯ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ದಾನಮ್ಮ

ತಾ.ಕ.: ಶುಕ್ರವಾರ ಮಧ್ಯಾಹ್ನ. ಅಂಚೆ ಡಬ್ಬಿಯ ಕಾಗದ ಒಯ್ಯುವವರು ಬರುವ ಹೊತ್ತಾಯಿತು, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಕೂಗಿದೆ. ಮೊದಲನೆಯ ಸಲ ಅರ್ಧಕ್ಕೆ ನಿಂತಿತು. ಎರಡನೆಯ ಸಲಕ್ಕೆ ಮಂದಿಯ ಜೊತೆ ಬದುವಿನ ಮೇಲಿದ್ದ ಎಮ್ಮೆಗಳೂ ಓಡಿದವು. ಮತ್ತೆರಡು ಸಲ ಕೂಗಿ ಡ್ರೋನು ಏಳಿಸಿದೆ, ಪಾಸಾದೆ. ಮುಂದಿನದು ಲೈಸೆನ್ಸಿನ ತರಬೇತಿ, ಮೈಸೂರಿನ ಹತ್ತಿರ, ನಾಗರ ಪಂಚಮಿ ಮುಗಿದ ಮೇಲೆ ಆಗಸ್ಟ್ ನಾಲ್ಕರಿಂದ ಹದಿನೈದು ದಿನ. ಯಾರು ಬರುತ್ತೀರಿ ಎಂದು ಕೇಳಿದಾಗ ನಾನೇ ಕೈ ಎತ್ತಿ ಹೆಸರು ಬರೆಸಿದ್ದೇನೆ, ಈ ಸಲ ಅತ್ತೆಯವರು ಇರಲಿಲ್ಲ. ನಿಮ್ಮನ್ನು ಕೇಳುವುದಕ್ಕೆ ಬರೆಯುತ್ತಿಲ್ಲ, ಹೇಳುವುದಕ್ಕೆ ಬರೆಯುತ್ತಿದ್ದೇನೆ. ಅಷ್ಟೂ ದಿನ ರಜೆ ಹಾಕಿ ಮನೆಗೆ ಬನ್ನಿ. ಅಡುಗೆ ಅತ್ತೆಯವರು ನೋಡಿಕೊಳ್ಳುತ್ತಾರೆ, ಆದರೆ ಅವರಿಗೆ ಕಣ್ಣು ಸಾಲದು, ವೈಶಾಲಿಯ ಬೈತಲೆ ಸೊಟ್ಟ ತೆಗೆಯುತ್ತಾರೆ, ಅವಳು ಅಳುತ್ತಾಳೆ. ಶಾಲೆಗೆ ಎರಡು ಜಡೆ, ಕೆಂಪು ರಿಬ್ಬನ್ನು. ನಿಮ್ಮ ರೂಮಿನ ಮಾಲೀಕರ ಹೆಂಡತಿಯ ಹತ್ತಿರ ಜಡೆ ಹಾಕುವುದನ್ನು ಕಲಿತುಕೊಂಡೇ ಬಸ್ಸು ಹತ್ತಿ.