ಭಾನುವಾರಕ್ಕೊಂದು ಕಥೆ

ಯೂನಿಯನ್ ಸಿಟಿ
ಬುಧವಾರ, 5 ಮಾರ್ಚ್ 2025

ಪ್ರೀತಿಯ ಅಚ್ಚು,

ನಿನಗೂ ಹಂಸಾಗೂ ಅಕ್ಕನ ಆಶೀರ್ವಾದ. ನಾವೆಲ್ಲ ಆರೋಗ್ಯವಾಗಿದ್ದೇವೆ, ಅಮ್ಮನೂ ಗಟ್ಟಿಮುಟ್ಟಾಗಿದ್ದಾಳೆ. ಕಾಗದ ಬರೆಯುವುದು ಬಿಟ್ಟು ಎಷ್ಟು ವರ್ಷವಾಯಿತೋ, ನನ್ನ ಅಕ್ಷರ ನೋಡಿ ನಗಬೇಡ. ದಿನಾ ವಾಟ್ಸ್ಯಾಪಿನಲ್ಲಿ ಸಿಗುವ ಅಕ್ಕ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಿ ನಿನ್ನ ಹತ್ತಿರ ಒಂದು ಗಂಭೀರವಾದ ಮಾತು ಆಡಲು ಸಾಧ್ಯವೇನೋ? ನಾನು ಬಾಯಿ ತೆಗೆಯುವ ಮೊದಲೇ ನೀನೊಂದು ಜೋಕು ಹಾರಿಸುತ್ತೀಯ, ನಾನು ನಕ್ಕುಬಿಡುತ್ತೇನೆ, ಅಲ್ಲಿಗೆ ಮುಗಿಯಿತು. ಕಾಗದದ ಮಧ್ಯೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಇದನ್ನು ಎಂದೋ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ತಡವಾಗಿದ್ದಕ್ಕೆ ಕ್ಷಮಿಸು.

ನಿಮ್ಮ ಭಾವನ ಜೊತೆ ಪ್ಲೆಸೆಂಟನ್ ಆಫೀಸಿನಲ್ಲಿರುವ ಮಂಜುನಾಥ ಶುಕ್ರವಾರ ಸಂಜೆಯ ಫ್ಲೈಟಿಗೆ ಹೊರಡುತ್ತಿದ್ದಾನೆ. ಭಾನುವಾರ ಬೆಳಗ್ಗೆ ಬೆಂಗಳೂರು ಸೇರುತ್ತಾನೆ. ಅವನ ಮನೆಯೂ ಜಯನಗರದಲ್ಲೇ ಇರುವುದರಿಂದ ತಾನೇ ಬಂದು ಕೊಡುತ್ತೇನೆ ಎಂದಿದ್ದಾನೆ. ಚೀಲದಲ್ಲಿ ಬಾದಾಮಿ ಇದೆ, ಹಂಸಾ ಕೇಳಿದ್ದ ಮಾತ್ರೆಗಳಿವೆ. ಅದನ್ನೆಲ್ಲ ಆಮೇಲೆ ಬಿಚ್ಚು. ಅವತ್ತು ಅಮ್ಮನ ಫೋನು ಬರುವುದರೊಳಗೆ ಈ ಕಾಗದ ಪೂರ್ತಿ ಓದು.

ಮೊದಲು ವಿಭಾಳ ಸುದ್ದಿ. ವಾರಾಂತ್ಯದ ಕನ್ನಡ ಕ್ಲಾಸಿನಲ್ಲಿ ಈ ವರ್ಷ ದೊಡ್ಡ ಮಕ್ಕಳಿಗೆ ಒಂದು ಪ್ರಾಜೆಕ್ಟು ಕೊಟ್ಟಿದ್ದಾರೆ. ತಮಗೆ ಇಷ್ಟವಾದ ಪುಸ್ತಕದ ಒಂದು ಪಾತ್ರವನ್ನು ತೆಗೆದುಕೊಂಡು, ಅದರ ಸ್ವಭಾವ ಎಂಥದ್ದು, ಯಾಕೆ ಹಾಗೆ ಎಂದು ಎಲ್ಲರೆದುರು ಕನ್ನಡದಲ್ಲಿ ಮಾತಾಡಬೇಕು. ನಿನ್ನ ಸೋದರಸೊಸೆ ಆರಿಸಿಕೊಂಡಿದ್ದು ಆ ಜಪಾನಿನ ಕಾಮಿಕ್ಸಿನ ಹುಡುಗನನ್ನು, ಅದೇ ತೊಮೊಜಿಯನ್ನು. ಅವಳ ಜೊತೆ ಮಾತಾಡಲೆಂದೇ ನೀನು ಅಲ್ಲಿ ಅದೇ ಪುಸ್ತಕಗಳನ್ನು ತರಿಸಿಕೊಂಡು ಓದಿದ್ದೀಯ, ನಿನಗೇನೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ನನ್ನ ಮಾತಿನಲ್ಲಿ ಹೇಳುತ್ತೇನೆ, ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆಯೇ ನೋಡು.

ಅದನ್ನು ಬಲದಿಂದ ಎಡಕ್ಕೆ ಓದಬೇಕೆಂದು ನನಗೇನು ಗೊತ್ತು? ನಾನು ನಮ್ಮ ಪುಸ್ತಕದ ಹಾಗೆ ಎಡಗಡೆಯಿಂದ ಶುರುಮಾಡಿದೆ. ಸಮುದ್ರದಲ್ಲಿ ಮುಳುಗಿ ಹೋಗಿದ್ದ ಅವನ ತಂಗಿ ನನ್ನ ಓದಿನಲ್ಲಿ ನೀರಿನಿಂದ ಎದ್ದು ಬಂದಳು, ಅಣ್ಣನ ಜೊತೆ ಜಗಳವಾಡಿದಳು, ಒಟ್ಟಿಗೆ ಕೂತು ಊಟ ಮಾಡಿದಳು. ಎಷ್ಟು ಒಳ್ಳೆಯ ಕಥೆಯಪ್ಪಾ ಅಂದುಕೊಂಡೆ. ವಿಭಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಪಕ್ಕದಲ್ಲಿ ಕೂತು ಸರಿಯಾದ ಕಡೆಯಿಂದ ಓದಿಸಿದಳು, ಆಗ ಅಳು ಬಂತು.

ದ್ವೀಪಕ್ಕೆ ಹೋಗಿಬರುವ ದೋಣಿಯಲ್ಲಿ ಟಿಕೆಟು ಹರಿಯುವವನು ಅವನು. ಪ್ರತಿ ಪ್ರಯಾಣಿಕನಿಗೂ ಟಿಕೆಟ್ಟಿನ ಜೊತೆ ಒಂದು ಜೋಕು. ನಗುವಾಗ ಕಣ್ಣು ಎರಡು ಬಾಗಿದ ಗೆರೆ, ಒಳಗೆ ಏನಿದೆ ಎಂದು ಕಾಣುವುದೇ ಇಲ್ಲ. ಜನರೆಲ್ಲ ಇಳಿದು ದೋಣಿ ಖಾಲಿಯಾದ ಮೇಲೆ ಚಿತ್ರಕಾರರು ಅವನ ಮುಖವನ್ನೇ ಬರೆದಿಲ್ಲ, ಬರೀ ಬೆನ್ನು. ದೋಣಿ ನಡೆಸುವ ಮುದುಕ ದಿನಾ “ಊಟ ಆಯಿತೇನೋ” ಎಂದು ಕೇಳುತ್ತಾನೆ, ಅವನಿಗೂ ಜೋಕೇ ಉತ್ತರ. ನನಗೆ ಆ ಮುದುಕನ ಪರವಾಗಿ ಸಿಟ್ಟು ಬಂತು. ಊರಿಗೆಲ್ಲ ನಗು ಹಂಚುವವನು ಹತ್ತಿರದವರಿಗೆ ಒಂದು ನಿಜ ಹೇಳಬಾರದೇ ಎಂದು ವಿಭಾ ಜೊತೆ ವಾದಕ್ಕಿಳಿದೆ.

“ಇಂಟರ್‌ನೆಟ್ಟಲ್ಲಿ ಎಲ್ಲಾ ಏನಂತಾರೆ ಗೊತ್ತಾ ಅಮ್ಮ? ಬೇರೆಯವ್ರಿಗೆ ಬೇಜಾರಾಗ್ಬಾರ್ದು ಅಂತ ನಗ್ತಾನಂತೆ. ಐ ಡೋಂಟ್ ಥಿಂಕ್ ಸೋ” ಎಂದಳು.

“ಮತ್ತೆ ಯಾಕೆ ನಗ್ತಾನೆ?”

“ಆ ಜೋಕೆಲ್ಲ ಅವನ ತಂಗೀದು. ಹಿಂದಿನ ವಾಲ್ಯೂಮ್ ನೋಡು, ಎಲ್ಲಾ ಅವಳು ಹೇಳಿದ್ದು. ಅವನು ಸ್ಟಾಪ್ ಮಾಡಿದ್ರೆ ಅವಳು ಪೂರ್ತಿ ಹೋಗ್ಬಿಡ್ತಾಳೆ. ಅದಕ್ಕೇ ನಿಲ್ಸಲ್ಲ.”

ನಾನು ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಅವಳ ಮುಖ ನೋಡಿದೆ. ಹದಿನಾರು ವರ್ಷದ ಹುಡುಗಿ, ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಆಮೇಲೆ ಅವಳೇ ಸಣ್ಣ ದನಿಯಲ್ಲಿ ಹೇಳಿದಳು: “ಮಾಮಂಗೂ ಇದನ್ನೇ ಹೇಳ್ದೆ. ಹಿ ಗಾಟ್ ಆಂಗ್ರಿ, ಅಮ್ಮ. ಮಾಮ ಯಾವತ್ತೂ ಕೋಪ ಮಾಡ್ಕೊಳಲ್ಲ ಅಲ್ವಾ?”

ನೀನು ಅವಳಿಗೆ ಏನಂದೆ ಎಂದು ನನಗೆ ಗೊತ್ತು. “ಅವನಿಗೆ ಏನೂ ಆಗಿಲ್ಲ. ಖುಷಿಯಾಗಿರೋನನ್ನ ಖುಷಿಯಾಗಿರೋಕೆ ಬಿಡಿ” ಎಂದು ಫೋನು ಇಟ್ಟೆಯಂತೆ. ಆ ಪುಸ್ತಕ ಓದಿದವರಲ್ಲಿ ಅವನು ನಿಜವಾಗಿಯೂ ಖುಷಿಯಾಗಿದ್ದಾನೆ ಎಂದವನು ನೀನೊಬ್ಬನೇ ಕಣೋ. ಅದಕ್ಕೇ ವಿಭಾ ಹೆದರಿದ್ದು, ಅದಕ್ಕೇ ನಾನು ಬರೆಯುತ್ತಿರುವುದು.

ಈಗ ನೇರವಾಗಿ ಹೇಳುತ್ತೇನೆ. ನಿನ್ನ ಮಗ, ನಮ್ಮ ಅನುರಾಗ್, ಡೆಂಗಿ ಜ್ವರದಲ್ಲಿ ತೀರಿಕೊಂಡ ವಾರವೇ ಇಲ್ಲಿ ಅಮ್ಮನಿಗೆ ಬೈಪಾಸ್ ಆಗಿತ್ತು. “ಅಮ್ಮಂಗೆ ಹೇಳ್ಬೇಡಿ” ಎಂದವನು ನೀನು. ನಾವೆಲ್ಲ ಹೂಂ ಎಂದೆವು. ಸ್ವಲ್ಪ ಚೇತರಿಸಿಕೊಳ್ಳಲಿ, ಆಮೇಲೆ ಹೇಳೋಣ ಅಂದುಕೊಂಡೆವು. ನಮ್ಮವರಲ್ಲಿ ಯಾವ ಮನೆಯಲ್ಲಿ ಹೀಗೆ ಮಾಡುವುದಿಲ್ಲ? ಹಿರಿಯರಿಗೆ ಕೆಟ್ಟ ಸುದ್ದಿ ಹೇಳಲು ಒಳ್ಳೆಯ ದಿನ ಹುಡುಕುತ್ತಾ ಕೂರುತ್ತೇವೆ. ಅಮ್ಮ ನಡೆದಾಡುವ ಹಾಗಾದ ಮೇಲೆ ಮೊಮ್ಮಗನ ಹತ್ತಿರ ಮಾತಾಡಬೇಕು ಎಂದು ಹಟ ಹಿಡಿದಳು. ನೀನು ಆ ಕ್ಷಣಕ್ಕೆ ತೋಚಿದ್ದನ್ನು ಹೇಳಿದೆ, ಮೈಸೂರಿನ ಆಚೆ ಒಂದು ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದೆ, ಅಲ್ಲಿ ಮಕ್ಕಳಿಗೆ ಫೋನು ಕೊಡುವುದಿಲ್ಲ ಎಂದು. ರಜೆಗೆ ಯಾಕೆ ಬರಲಿಲ್ಲ ಎಂದರೆ ಕ್ಯಾಂಪು. ಅಮ್ಮ ನಂಬಿದಳು. ಹೇಳಿದವನು ನೀನಲ್ಲವೇ?

ಅವತ್ತಿನಿಂದ ಭಾನುವಾರಕ್ಕೊಂದು ಕಥೆ. ಹಾಸ್ಟೆಲಿನ ಉಪ್ಪಿಟ್ಟನ್ನು ಅನುರಾಗ್ ಕಿಟಕಿಯಿಂದ ಕೋತಿಗೆ ಹಾಕಿ ವಾರ್ಡನ್ ಕೈಗೆ ಸಿಕ್ಕಿಬಿದ್ದ. ಖೋಖೋ ತಂಡಕ್ಕೆ ಕ್ಯಾಪ್ಟನ್ ಆದ. ದನಿ ಒಡೆದು ಪ್ರಾರ್ಥನೆಯಲ್ಲಿ ಎಲ್ಲರೂ ನಕ್ಕರು. ಅಮ್ಮ ಸೋಫಾದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ, ಸೋಮವಾರ ಪಾರ್ಕಿನಲ್ಲಿ ಸಿಗುವ ಹೆಂಗಸರಿಗೆಲ್ಲ ಅದನ್ನೇ ಹೇಳುತ್ತಾಳೆ. ಕೆಲವು ಭಾನುವಾರ ನಾನೂ ಮೈಮರೆತು ನಕ್ಕಿದ್ದೇನೆ ಅಚ್ಚು. ಆಮೇಲೆ ಗ್ಯಾರೇಜಿಗೆ ಹೋಗಿ ಕಾರಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಹಂಸಾ ನನಗೆ ಫೋನು ಮಾಡಿದ್ದಳು, ಅವಳ ಮೇಲೆ ಸಿಟ್ಟಾಗಬೇಡ. “ಇವರು ವಾರವೆಲ್ಲ ಮಾತೇ ಆಡಲ್ಲ ಪದ್ಮಕ್ಕ. ಭಾನುವಾರಕ್ಕೆ ಏನು ಹೇಳೋದು ಅಂತ ಯೋಚಿಸ್ತಾ ಇರ್ತಾರೆ. ಏಳನೇ ಕ್ಲಾಸಿನ ಪುಸ್ತಕ ತಂದಿಟ್ಕೊಂಡಿದ್ದಾರೆ. ಫೋನ್ ಬಂತು ಅಂದ್ರೆ ನಾನು ಚಪ್ಪಲಿ ಹಾಕ್ಕೊಂಡು ಕೆಳಗೆ ಹೋಗ್ಬಿಡ್ತೀನಿ, ನನ್ನ ಕೈಲಿ ಕೇಳೋಕಾಗಲ್ಲ” ಎಂದಳು. ಅವಳೂ ತಾಯಿ ಕಣೋ. ಮಗನನ್ನು ನೆನೆದು ನಿನ್ನ ಭುಜದ ಮೇಲೆ ಅಳಲು ಅವಳಿಗೆ ಒಂದು ದಿನವೂ ಸಿಕ್ಕಿಲ್ಲ.

ಅಮ್ಮನ ಟಿಕೆಟ್ ಆಗಿರುವುದು ನಿನಗೆ ಗೊತ್ತೇ ಇದೆ. ಯುಗಾದಿಗೆ ಬೆಂಗಳೂರಿನಲ್ಲಿರಬೇಕು, ಹಬ್ಬ ಮುಗಿದ ಮಾರನೆಯ ದಿನವೇ ಮೊಮ್ಮಗನ ಹಾಸ್ಟೆಲಿಗೆ ಹೋಗಬೇಕು ಎನ್ನುತ್ತಿದ್ದಾಳೆ. ಕೋಡುಬಳೆಗೆ ಹಿಟ್ಟು ಹುರಿಸಿಟ್ಟಿದ್ದಾಳೆ. ಹೋದ ವಾರ ಅವನಿಗೆ ಶೂ ಕೊಳ್ಳಬೇಕು, ಸೈಜು ಹೇಳು ಎಂದು ನಿನ್ನನ್ನು ಕೇಳಿದಳು. ನೀನು ಒಂದು ಕ್ಷಣವೂ ತಡವರಿಸದೆ ಹೇಳಿದೆ. ನಾನು ಪಕ್ಕದಲ್ಲೇ ಇದ್ದೆ. ನೀನು ಹೇಳಿದ್ದು ಅನುರಾಗನ ಕಾಲಿಗಿಂತ ದೊಡ್ಡ ಸೈಜು. ಈಗ ಇದ್ದಿದ್ದರೆ ಎಷ್ಟಾಗುತ್ತಿತ್ತು ಎಂದು ನೀನು ಲೆಕ್ಕ ಹಾಕಿಟ್ಟುಕೊಂಡಿದ್ದೀಯ ಎಂದು ಆಗ ಗೊತ್ತಾಯಿತು.

ಅಮ್ಮನಿಗಾಗಿ ಮುಚ್ಚಿಡುತ್ತಿದ್ದೀಯ ಎಂದು ಇಷ್ಟು ದಿನ ನಾವೆಲ್ಲ ಅಂದುಕೊಂಡಿದ್ದೆವು. ವಿಭಾ ಆ ಹುಡುಗನ ಬಗ್ಗೆ ಹೇಳಿದ ಮೇಲೆ ನನಗೆ ಬೇರೆಯೇ ಕಂಡಿತು. ಅನುರಾಗ್ ಇನ್ನೂ ಬೆಳೆಯುತ್ತಿರುವ ಜಾಗ ಜಗತ್ತಿನಲ್ಲಿ ಇದೊಂದೇ, ಅಮ್ಮನ ಜೊತೆಗಿನ ಆ ಫೋನು. ಅಮ್ಮನಿಗೆ ಹೇಳಿದ ದಿನ ಅದೂ ಮುಗಿಯುತ್ತದೆ ಎಂದು ನಿನಗೆ ಭಯ. ನನಗೆ ಅರ್ಥವಾಗುತ್ತದೆ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ. ಆದರೆ ಅಮ್ಮ ಕೋಡುಬಳೆ ಡಬ್ಬಿ ಹಿಡಿದು ನಿನ್ನ ಮನೆ ಬಾಗಿಲಿಗೆ ಬಂದು ನಿಂತಾಗ ಯಾವ ಜೋಕು ಹೇಳುತ್ತೀಯ?

ಈ ಭಾನುವಾರ ನೀನೇ ಹೇಳಿಬಿಡು. ನಾನು ಅಮ್ಮನ ಪಕ್ಕದಲ್ಲಿ ಕೂತಿರುತ್ತೇನೆ, ನಿಮ್ಮ ಭಾವನೂ ಇರುತ್ತಾರೆ. ಹಂಸಾಳನ್ನು ಕೆಳಗೆ ಕಳಿಸಬೇಡ, ಜೊತೆಯಲ್ಲಿ ಕೂರಿಸಿಕೋ. ಅಮ್ಮನ ಡಾಕ್ಟರನ್ನು ಕೇಳಿದ್ದೇನೆ, ಹೃದಯ ಚೆನ್ನಾಗಿದೆ, ಹೇಳಬಹುದು ಎಂದರು. ನೀನು ಹೇಳದಿದ್ದರೆ ಅಮ್ಮ ವಿಮಾನ ಹತ್ತುವ ಮೊದಲು ನಾನು ಹೇಳುತ್ತೇನೆ. ಇದಕ್ಕೆ ನಿನ್ನ ಅಪ್ಪಣೆ ಕೇಳುತ್ತಿಲ್ಲ. ಅಕ್ಕ ದಬ್ಬಾಳಿಕೆ ಮಾಡುತ್ತಾಳೆ ಎಂದು ಬೈದುಕೋ, ಪರವಾಗಿಲ್ಲ. ನಿನ್ನ ಬೈಗುಳ ಕೇಳಿ ಬಹಳ ದಿನವಾಯಿತು.

ದೇವರು ನಿಮ್ಮಿಬ್ಬರಿಗೂ ಅಳುವಷ್ಟು ಬಲ ಕೊಡಲಿ. ಹಂಸಾಗೆ ನನ್ನ ಪ್ರೀತಿ. ವಿಭಾ ತನ್ನ ಮಾಮನಿಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಅಕ್ಕ,
ಪದ್ಮಜಾ

ತಾ.ಕ. ಶುಕ್ರವಾರ ಬೆಳಗ್ಗೆ. ಕಾಗದ ಅಂಟಿಸಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ನಿನ್ನೆ ಸ್ಕೂಲಿನಿಂದ ಬಂದ ವಿಭಾ ತನ್ನ ಭಾಷಣವನ್ನು ಅಮ್ಮನೆದುರು ಹೇಳಿ ಅಭ್ಯಾಸ ಮಾಡುತ್ತಿದ್ದಳು. ಅಮ್ಮ ಒಂದೊಂದೇ ತಪ್ಪು ತಿದ್ದುತ್ತಾ ಕೇಳಿದಳು. ಕೊನೆಗೆ, “ನಮ್ಮ ಅಚ್ಚೂನೂ ಹೀಗೇ ಕಣೇ, ಯಾವಾಗ್ಲೂ ನಗು. ಆದ್ರೆ ಅವನಿಗೇನು ಕಮ್ಮಿ, ಮುತ್ತಿನಂಥ ಮಗ” ಎಂದಳು. ವಿಭಾಳ ಕೈಲಿ ತಡೆದುಕೊಳ್ಳಲಾಗಲಿಲ್ಲ. ಅಜ್ಜಿಯ ತೊಡೆಯಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಅಮ್ಮ ಏನೆಂದು ನನ್ನನ್ನು ಕೇಳಿದಳು. ನಾನು ಹೇಳಿಬಿಟ್ಟೆ.

ಅಮ್ಮ ಕೂಗಾಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡಳು. ಸಾವಿನ ಸುದ್ದಿ ಕೇಳಿದರೆ ಸ್ನಾನ ಮಾಡಬೇಕಲ್ಲ, ಅವಳಿಗೆ ಅದು ನಿನ್ನೆ ತಾನೇ ಬಂದ ಸುದ್ದಿ. ಒದ್ದೆ ಕೂದಲಲ್ಲೇ ಬಂದು ನನ್ನನ್ನು ಕೇಳಿದಳು: “ಅಚ್ಚು ಹೇಳಿದ್ರಲ್ಲಿ ಯಾವುದರವರೆಗೆ ಮಗು ಇತ್ತು?” ಆಮೇಲೆ “ಕನ್ನಡಕ ಬಂತು ಅಂದ್ನಲ್ಲ, ಆಗ ಇತ್ತಾ? ಈಜು ಕಲಿತ ಅಂದಾಗ?” ಎಂದು ಒಂದೊಂದಾಗಿ ಕೇಳುತ್ತಾ ಹೋದಳು. ಒಂದರಲ್ಲೂ ಇರಲಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ, ಅವಳಿಗೇ ಗೊತ್ತಾಯಿತು.

ನಿನಗೆ ಫೋನು ಮಾಡಲು ಹೊರಟಿದ್ದೆ, ಅಮ್ಮ ಬೇಡ ಎಂದಳು. “ಮೊದಲು ನಿನ್ನ ಕಾಗದ ಓದ್ಲಿ. ಭಾನುವಾರ ನಾನೇ ಮಾಡ್ತೀನಿ. ಹಾಸ್ಟೆಲಿಂದು ಸಾಕು. ಆಸ್ಪತ್ರೇದು ಹೇಳ್ಲಿ. ಕೊನೇಲಿ ಮಗು ಏನು ಕೇಳ್ತು, ಏನು ಅಂತು, ಅದನ್ನ ಹೇಳ್ಲಿ. ನಾನು ಅವನ ಅಜ್ಜಿ, ನನಗೆ ಗೊತ್ತಾಗ್ಬೇಕು” ಎಂದಳು.

ಹಂಸಾ ಬಟ್ಟೆ ತರಲು ಆಸ್ಪತ್ರೆಯಿಂದ ಮನೆಗೆ ಹೋಗಿದ್ದಾಗ, ಕೊನೆಗಳಿಗೆಯಲ್ಲಿ ಅನುರಾಗನ ಹತ್ತಿರ ಇದ್ದವನು ನೀನೊಬ್ಬನೇ. ಅಚ್ಚು, ಅದನ್ನು ನೀನು ಇದುವರೆಗೆ ಹಂಸಾಗೂ ಹೇಳಿಲ್ಲವಂತೆ. ನಾವ್ಯಾರೂ ನಿನ್ನನ್ನು ಕೇಳಲೂ ಇಲ್ಲ.