ಭಾಗಮ್ಮನ ಮಾತು ತಿಳಿದ ದಿನ

ನಾಶಿಕ್, ಬುಧವಾರ

ಅಜ್ಜಿಗೆ ಗಗನಾಳ ನಮಸ್ಕಾರ.

ನಾನು ಮಕ್ಕಳ ವೈದ್ಯಕೀಯ ಕಲಿಯುತ್ತಿರುವ ಈ ಸಣ್ಣ ಆಸ್ಪತ್ರೆಗೆ ನಿನ್ನೆ ನಿಮ್ಮ ಕಲಬುರಗಿ ಕಡೆಯ ಭಾಗಮ್ಮ ಎಂಬಾಕೆ ಜ್ವರ ಬಂದ ಕೂಸನ್ನು ಎತ್ತಿಕೊಂಡು ಬಂದಳು. "ಕಣ್ಣ ಮ್ಯಾಲ ಮಾಡ್ತಾಳ್ರೀ" ಎಂದು ಅಳುತ್ತಿದ್ದಳು. ಕನ್ನಡ ಬಾರದ ನರ್ಸ್, ಅವಳು ಕೂಸಿನ ಕಣ್ಣು ತೋರಿಸಿದ್ದನ್ನು ನೋಡಿ ಕಣ್ಣುನೋವೆಂದು ತಿಳಿದು ಅವಳನ್ನು ಸಾಲಿನಲ್ಲಿ ಕೂರಿಸಿದ್ದರು. ಆ ಮಾತು ಕಿವಿಗೆ ಬಿದ್ದದ್ದೇ ಕೂಸಿನ ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿದೆ, ಇದು ಫಿಟ್ಸ್ ಎಂದು ನನಗೆ ಗೊತ್ತಾಯಿತು. ಕೂಸನ್ನು ಎತ್ತಿಕೊಂಡು ಒಳಗೆ ಓಡಿದೆ. ಮತ್ತೆ ಫಿಟ್ಸ್ ಬಂತು, ಔಷಧ ಕೊಟ್ಟ ಮೇಲೆ ನಿಂತಿತು. ಇವತ್ತು ಆ ಪುಟ್ಟಿ ಹಾಲು ಕುಡಿದು ನಗುತ್ತಿದ್ದಾಳೆ.

ಈ ಭಾಷೆ ಯಾರು ಕಲಿಸಿದರೆಂದು ದೊಡ್ಡ ಡಾಕ್ಟರ್ ಎಲ್ಲರೆದುರು ಕೇಳಿದರು. ನಿನ್ನ ಹೆಸರು ಹೇಳಿದೆ. ಚಿಕ್ಕವಳಿದ್ದಾಗ ನಾನು ಮರಾಠಿಯಲ್ಲಿ ಕೇಳಿದರೆ ನೀನು ರೊಟ್ಟಿ ಕೊಡುತ್ತಿರಲಿಲ್ಲ ಎಂಬುದನ್ನೂ ಹೇಳಿದೆ.

ಮಕ್ಕಳ ಬೇನೆಗಳಿಗೆ ನಿಮ್ಮ ಕಡೆ ಏನೇನು ಅನ್ನುತ್ತಾರೋ ಎಲ್ಲ ಬರೆದು ಕಳಿಸು. ನರ್ಸ್‌ಗಳಿಗೆ ಇನ್ನು ನಾನೇ ಕಲಿಸಬೇಕಂತೆ.

ನಿನ್ನ ಮೊಮ್ಮಗಳು,
ಡಾಕ್ಟರ್ ಗಗನಾ